ಮಾರ್ಜಿನ್ ಇಲ್ಲದ ಜಂಪರು

ಪುಟದ ಈ ಅಂಚಿನಿಂದ ಆ ಅಂಚಿನವರೆಗೆ ಒತ್ತೊತ್ತಿ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕುಷ್ಟಗಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು ಪಾಠಕ್ಕಿಂತ ಹೆಚ್ಚು ಸಲ ಹೇಳಿದ್ದು 'ಮಾರ್ಜಿನ್ ಬಿಡ್ರಿ' ಎಂಬ ಮಾತನ್ನೇ ಇರಬೇಕು. ಬೆನ್ನ ಹಿಂದೆ ಮಕ್ಕಳು ನನ್ನನ್ನು ಮಾರ್ಜಿನ್ ಮೇಡಂ ಅನ್ನುತ್ತಾರೆ. ಕೇಳಿಸದವಳ ಹಾಗೆ ಇರುತ್ತೇನೆ. ಟೇಲರ್ ಬಾಯಲ್ಲಿ ಅದೇ ಮಾರ್ಜಿನ್ ಅಂದರೆ ಜಂಪರಿನ, ಎಂದರೆ ರವಿಕೆಯ, ಹೊಲಿಗೆಯೊಳಗೆ ಉಳಿಸುವ ಬಟ್ಟೆ. ಮೈ ಬಂದಾಗ ಬಿಚ್ಚಿ ದೊಡ್ಡದು ಮಾಡಿಕೊಳ್ಳಬಹುದು. ವಿಮಾನ ಹತ್ತುವವರಿಗೆ ಅದು ಕೈಯಲ್ಲಿ ಇಟ್ಟುಕೊಳ್ಳಬೇಕಾದ ಹೊತ್ತು. ಪುಟದ ಮೇಲೆ ಬಿಡಿಸಿ ಬಿಡಿಸಿ, ಮಿಕ್ಕ ಎರಡು ಕಡೆ ಬಿಡದೆ ಹೋದ ನನ್ನ ಪಾಡನ್ನು ಹೇಳುತ್ತೇನೆ. ನಗುವುದಾದರೆ ಮೆಲ್ಲಗೆ ನಗಿ.

ದಿಲ್ಲಿಯಲ್ಲಿರುವ ನನ್ನ ತಮ್ಮನಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಮಗಳು ಹುಟ್ಟಿದಳು. ನಮ್ಮ ಕಡೆ ಕೂಸನ್ನು ತೊಟ್ಟಿಲಲ್ಲಿ ಹಾಕುವ ದಿನ ಅದರ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವವಳು ಸೋದರತ್ತೆ. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದಿಲ್ಲದೆ ಶಾಸ್ತ್ರ ಮುಗಿಯುವುದಿಲ್ಲ. ಇಡಬೇಕೆಂದಿದ್ದದ್ದು ನಮ್ಮವ್ವನ ಹೆಸರು, ಗಿರಿಜಾ. ಅವ್ವ ಹೋದಾಗ ತಮ್ಮ ಇನ್ನೂ ಚಿಕ್ಕವನು. ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ನಾನು. "ಅಕ್ಕಾ, ಸಂಜಿ ಆರಕ್ಕ ಮುಹೂರ್ತ ಐತಿ. ನೀ ಬರದಿದ್ರ ನನ್ನ ಹೆಂಡ್ತಿ ತಂಗಿ ತಾನಾ ಹೇಳ್ತೀನಿ ಅಂತ ತಯಾರಾಗಿ ನಿಂತಾಳ" ಎಂದು ಫೋನು ಮಾಡಿದ್ದ. ಅವ್ವನ ಹೆಸರು ಇನ್ನೊಬ್ಬಳ ಬಾಯಿಂದ ಬರುವುದೇ? ಬಂದೇ ಬರುತ್ತೇನೆ ಅಂದೆ. ಪರೀಕ್ಷೆಯ ಕೆಲಸವಿದ್ದುದರಿಂದ ಮುಂಚೆ ಹೊರಡುವಂತಿರಲಿಲ್ಲ. ಅದೇ ದಿನದ ಹುಬ್ಬಳ್ಳಿ ವಿಮಾನವೇ ಗತಿ.

ಇಳಿದವಳೇ ನೇರ ತೊಟ್ಟಿಲ ಮುಂದೆ ನಿಲ್ಲಬೇಕಾದ್ದರಿಂದ ಇಳಕಲ್ ಸೀರೆ, ಹೊಸ ಜಂಪರು ಮನೆಯಿಂದಲೇ ಉಟ್ಟು ತೊಟ್ಟು ಹೊರಟೆ. ಆ ಜಂಪರಿನದೇ ಒಂದು ಕಥೆ. ಅಳತೆಗೆಂದು ನಾನು ಟೇಲರ್ ಶಂಕ್ರಪ್ಪನಿಗೆ ಕೊಟ್ಟದ್ದು ಮದುವೆಯಾದ ಹೊಸತರಲ್ಲಿ ಹೊಲಿಸಿದ ಜಂಪರು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. "ಒಳಗ ಮಾರ್ಜಿನ್ ಬಿಟ್ರ ಫಿಟಿಂಗ್ ಕುಂದ್ರಂಗಿಲ್ರಿ ಮೇಡಂ. ಈಗ ಯಾರೂ ಬಿಡಸಂಗಿಲ್ಲ" ಎಂದ. ಯಾರೂ ಬಿಡಿಸುವುದಿಲ್ಲ ಅಂದಮೇಲೆ ನಾನೇಕೆ ಬಿಡಿಸಲಿ ಎಂದು ಹೂಂ ಅಂದೆ. ಅಂದು ಬೆಳಿಗ್ಗೆ ಉಸಿರು ಹಿಡಿದು ಹುಕ್ಕು ಹಾಕಿದವಳು ಮತ್ತೆ ಪೂರ್ತಿ ಉಸಿರು ಬಿಡಲೇ ಇಲ್ಲ.

ನನ್ನ ಜೊತೆ ದಿಲ್ಲಿಗೆ ಹೊರಟು, ಹುಬ್ಬಳ್ಳಿಯವರೆಗೆ ಕಾರು ನಡೆಸುತ್ತಿದ್ದ ಯಜಮಾನರು ಜನ್ಮದಲ್ಲಿ ಬಸ್ಸು ನಿಂತಿದ್ದಾಗ ಹತ್ತಿದವರಲ್ಲ. ಹೊರಟ ಬಸ್ಸಿಗೆ ಕೈ ಮಾಡಿ ನಿಲ್ಲಿಸಿ ಹತ್ತುವುದೇ ಅವರ ರೂಢಿ. ಯಲಬುರ್ಗಾ ಬಂದದ್ದೇ ತಡ, "ಅಕ್ಕನ ಮನಿ ದಾಟಿ ಹ್ಯಾಂಗ ಹೋಗೂದು, ನಿಂತನಿಂತ್ಲೇ ಚಾ ಕುಡ್ದು ಹೋಗೂಣು" ಎಂದು ಕಾರು ತಿರುಗಿಸಿಯೇಬಿಟ್ಟರು. ಆ ಮನೆಯಲ್ಲಿ ಬರೀ ಚಹಾ ಎಂಬುದು ಇಲ್ಲ. ತಟ್ಟೆ ತುಂಬ ಮಂಡಾಳ ಒಗ್ಗರಣೆ ಬಂತು, ಮಿರ್ಚಿ ಬಂತು. "ಅಕ್ಕಾರ, ವಿಮಾನ ಹೋಗ್ತೈತ್ರಿ" ಎಂದೆ. "ಹೋಗ್ಲಿ ಬಿಡವಾ. ತೊಟ್ಟಿಲಕ್ಕ ಹೊಂಟಾಕಿ, ಬರೀ ಉಡಿಲೆ ಕಳಸ್ಲ್ಯಾ" ಎಂದು ಯಜಮಾನರ ಅಕ್ಕ ಮಣೆ ಹಾಕಿದರು. ಅಕ್ಕಿ, ಕಾಯಿ, ಜಂಪರ್ ಪೀಸು ಇಟ್ಟು ಉಡಿ ತುಂಬಿದರು. ಹಿರಿಯರಲ್ಲವೇ, ಕಾಲಿಗೆ ಬೀಳಲು ಬಗ್ಗಿದೆ. ಬೆನ್ನಲ್ಲಿ ಒಂದು ಎಳೆ 'ಟಕ್' ಅಂದದ್ದು ನನಗೊಬ್ಬಳಿಗೇ ಕೇಳಿಸಿತು.

ಆಮೇಲಿನ ದಾರಿಯಲ್ಲಿ ನಾನು ನೋಡಿದ್ದು ಗಡಿಯಾರವೊಂದನ್ನೇ. ಗದಗಿನಲ್ಲಿ ಹತ್ತಿಯ ಲಾರಿಗಳು ಅಡ್ಡ ನಿಂತಿದ್ದವು. ಯಜಮಾನರು ಹಾರ್ನ್ ಒತ್ತಿದರು, ನಾನು ದೇವರ ಮೊರೆ ಹೋದೆ, ಎರಡರಿಂದಲೂ ಲಾರಿ ಅಲುಗಲಿಲ್ಲ. ಅಂತೂ ವಿಮಾನ ನಿಲ್ದಾಣದೊಳಗೆ ಓಡಿದಾಗ ಅಲ್ಲಿನ ಹುಡುಗಿ, "ಕೌಂಟರ್ ಈಗಷ್ಟ ಬಂದ್ ಆತ್ರಿ ಮೇಡಂ" ಎಂದಳು.

"ವಿಮಾನ ಇಲ್ಲೇ ನಿಂತೈತಲ್ಲವಾ" ಎಂದರು ಯಜಮಾನರು.

"ನಿಂತೈತ್ರಿ. ಆದ್ರ ಹತ್ತಾಕ ಬರಂಗಿಲ್ರಿ."

ಅವರು ಗಾಜಿನ ಹತ್ತಿರ ಹೋಗಿ ವಿಮಾನಕ್ಕೂ ಒಂದು ಸಲ ಕೈ ಮಾಡಿ ನೋಡಿದರು. ನಾನು ಅಲ್ಲೇ ಕುರ್ಚಿಯ ಮೇಲೆ ಕೂತು ಅತ್ತೆ. ಆ ಜಂಪರಿನಲ್ಲಿ ಬಿಕ್ಕಿ ಅಳುವುದಕ್ಕೂ ಜಾಗವಿರಲಿಲ್ಲ, ಸಣ್ಣಗೆ ಅತ್ತೆ.

ಬೇರೆ ದಾರಿಯಿದೆಯೇ ಎಂದು ಅವರಿವರನ್ನು ಕೇಳುವುದರಲ್ಲಿ ಮಧ್ಯಾಹ್ನ ಕಳೆಯಿತು. ಹಿಂತಿರುಗುವಾಗ ಯಲಬುರ್ಗಾದಲ್ಲಿ ಆರು ಹೊಡೆಯುವುದರಲ್ಲಿತ್ತು. ಬಾಗಿಲಲ್ಲಿ ನನ್ನ ಮುಖ ನೋಡಿದ್ದೇ ಯಜಮಾನರ ಅಕ್ಕ, "ಅಳಬ್ಯಾಡ, ಫೋನ್ ಹಚ್ಚು" ಎಂದು ಓಣಿಯ ಹೆಂಗಸರನ್ನೆಲ್ಲ ಕೂಗಿ ಕರೆದರು. ಮೊದಲ ಸಲ ತಮ್ಮ ಎತ್ತಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ವಿಡಿಯೋ ಕಾಲ್ ಕೂಡಿ ತೆರೆ ಬೆಳಗಿದಾಗ ಅವನ ಹೆಂಡತಿಯ ತಂಗಿ ತೊಟ್ಟಿಲ ಮೇಲೆ ಬಗ್ಗಿಯಾಗಿತ್ತು.

"ತಡಿಯವಾ, ನಾ ಅದೀನಿ" ಎಂದು ಕೂಗಿದೆ.

ತಮ್ಮ ಫೋನನ್ನು ಕೂಸಿನ ಕಿವಿಗೆ ಹಿಡಿದ. "ಕುರ್ರ್, ಗಿರಿಜಾ" ಎಂದೆ. ಅವ್ವನನ್ನೇ ಕರೆದಂತಾಯಿತು. ಅಷ್ಟರಲ್ಲಿ ಉಡಿ ತುಂಬಿ ನನ್ನ ವಿಮಾನ ತಪ್ಪಿಸಿದ ಅದೇ ಕೈ ಎಲ್ಲರಿಗಿಂತ ಮೊದಲು ನನ್ನ ಬೆನ್ನಿಗೆ ಬಿತ್ತು. ಹಿಂದೆಯೇ ಇಡೀ ಓಣಿ ಬಿತ್ತು. 'ಪರ್ರ್' ಎಂದು ಜಂಪರು ಬೆನ್ನುದ್ದ ಬಿಟ್ಟುಕೊಂಡಿತು. ಬೆಳಗಿನಿಂದ ಹಿಡಿದಿಟ್ಟ ಉಸಿರು ಒಮ್ಮೆಗೇ ಹೊರಬಂತು.

"ಅಕ್ಕಾ, ಅದೇನ್ ಸಪ್ಪಳ?" ಎಂದ ತಮ್ಮ.

"ಏನಿಲ್ಲೋ, ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ" ಎಂದು ಸೆರಗನ್ನು ಎರಡೂ ಹೆಗಲಿಗೆ ಹೊದ್ದೆ.

ಮರುವಾರ ಉಡಿಯ ಜಂಪರ್ ಪೀಸು ಹಿಡಿದು ಶಂಕ್ರಪ್ಪನ ಅಂಗಡಿಗೆ ಹೋದೆ. ಈ ಸಲ ಒಳಗೆ ಧಾರಾಳ ಮಾರ್ಜಿನ್ ಬಿಡಬೇಕೆಂದು ಒತ್ತಿ ಹೇಳಿದೆ. ಅವನು ಟೇಪು ತೆಗೆದುಕೊಂಡು ಎದ್ದ. "ಟೇಪ್ ಯಾಕ ಬಿಡ್ರಿ" ಎಂದು, ಮದುವೆಯಾದ ಹೊಸತರಲ್ಲಿ ಹೊಲಿಸಿದ ಅದೇ ಜಂಪರನ್ನು ಅಳತೆಗೆ ಕೊಟ್ಟು ಬಂದೆ.