ಭಾವ ತಲೆ ಎತ್ತಿ ನೋಡಿದರೆ

ನಮ್ಮ ಭಾವ ತಲೆ ಎತ್ತಿ ನೋಡಿದರೆ ಸೀಲಿಂಗ್ ಫ್ಯಾನು ಬೀಳುತ್ತದೆ ಎಂದು ಬ್ಯಾಟರಾಯನಪುರದ ಅಂಗಡಿಯವರೆಲ್ಲ ನಂಬಿದ್ದರು. ನಾನು ನಂಬಿರಲಿಲ್ಲ. ನೋಡಿದ ತಕ್ಷಣ ಏನೂ ಬೀಳುತ್ತಿರಲಿಲ್ಲವಲ್ಲ, ಸ್ವಲ್ಪ ದಿನ ಬಿಟ್ಟು ಬೀಳುತ್ತಿತ್ತು!

ಭಾವ ಎಂದರೆ ನನ್ನ ಅಕ್ಕನ ಗಂಡ. ಕಸುಬು ವಿಮೆ. ಜೀವವಿಮೆಯಲ್ಲ, ಸಣ್ಣ ಅಂಗಡಿಯವರಿಗೆ ಮಾಡಿಸುವ ವಿಮೆ. ನಿಮ್ಮ ಅಂಗಡಿಗೆ ಬಂದ ಗಿರಾಕಿ ಜಾರಿ ಬಿದ್ದು, ಸೊಂಟ ಮುರಿದುಕೊಂಡು, ಕೋರ್ಟಿಗೆ ಹೋದರು ಎನ್ನಿ. ಪರಿಹಾರ ಕೊಡಲು ನೀವು ಮನೆ, ಸೈಟು, ಹೆಂಡತಿಯ ಸರ ಮಾರಬೇಕಾಗಿಲ್ಲ, ಕಂಪನಿಯೇ ಕೊಡುತ್ತದೆ. ಒಳ್ಳೆಯ ವಿಷಯವೇ. ಆದರೆ ಅದನ್ನು ಹೇಳುವುದಕ್ಕೊಂದು ರೀತಿ ಬೇಡವೇ?

ಬೇರೆ ಏಜೆಂಟರು ಬಂದರೆ ನಗುತ್ತಾರೆ, ಮಕ್ಕಳ ಓದು ವಿಚಾರಿಸುತ್ತಾರೆ, ಹೋಗುವಾಗ ಕ್ಯಾಲೆಂಡರ್ ಕೊಡುತ್ತಾರೆ. ಭಾವ ಬಂದರೆ ಅಂಗಡಿಯ ನಟ್ಟನಡುವೆ ಸುಮ್ಮನೆ ನಿಂತುಬಿಡುತ್ತಿದ್ದರು. ಅವರ ಕಣ್ಣು ನೆಲದಿಂದ ಶುರುವಾಗಿ ಮೆಲ್ಲಗೆ ಗೋಡೆ ಹತ್ತಿ, ಸೂರು ಸುತ್ತಿ, ಎಲ್ಲೋ ಒಂದು ಕಡೆ ನಿಲ್ಲುತ್ತಿತ್ತು. ಆಮೇಲೆ, ಆಗಿಹೋದದ್ದನ್ನು ಹೇಳುವವರ ಹಾಗೆ ತಣ್ಣಗೆ ಬಾಯಿ ಬಿಡುತ್ತಿದ್ದರು.

ಏರ್‌ಪೋರ್ಟ್ ರಸ್ತೆಗೆ ಮೇಲ್ಸೇತುವೆ ಏಳುತ್ತಿದ್ದ ಕಾಲವದು. ನಮ್ಮ ರಸ್ತೆಯ ಬೇಕರಿಗೆ ಹೋಗಿ ಗಾಜಿನ ಕೌಂಟರನ್ನು ದಿಟ್ಟಿಸಿ, “ಇಲ್ಲಿ ಒಬ್ರು ತಾತ ಒರಗ್ತಾರೆ. ಗಾಜು ಒಡೆಯತ್ತೆ. ಕೈಲಿ ದಿಲ್‌ಪಸಂದ್ ಇರತ್ತೆ” ಎಂದರು.

ಬೇಕರಿಯವರು ನಕ್ಕು, ಪಫ್ ಕೊಟ್ಟು ಕಳಿಸಿದರು. ಮಳೆಗಾಲ ಮುಗಿಯುವ ಮೊದಲೇ ಒಬ್ಬ ತಾತ ಒರಗಿದರು, ಗಾಜು ಒಡೆಯಿತು, ಮೊಣಕೈಗೆ ಹೊಲಿಗೆ ಬಿತ್ತು. ಬೇಕರಿಯವರು ನನ್ನ ಗಿರಣಿಗೆ ಓಡಿ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

“ಗಾಜು ಹೋಗ್ಲಿ ಬಿಡಿ ಸಾರ್. ಆ ತಾತ ದಿನಾ ಬನ್ನು ತಗೊಳ್ಳೋರು ಕಣ್ರೀ! ಅವತ್ತೊಂದಿನ ದಿಲ್‌ಪಸಂದ್ ಕೇಳಿದ್ರು!”

ಅಲ್ಲಿಂದಾಚೆ ಸುದ್ದಿ ಹಬ್ಬಿತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡ ಭಾವ ಎದುರಿನ ಕನ್ನಡಿಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರಂತೆ. “ಈ ಕನ್ನಡಿ...” ಎಂದದ್ದೇ ತಡ, ಕ್ಷೌರದವನು, “ಮುಂದೆ ಹೇಳ್ಬೇಡಿ ಸಾರ್, ನಿಮ್ ಕತ್ತಿನ ಮೇಲೆ ಕತ್ತಿ ಇದೆ, ನನ್ ಕೈ ನಡುಗ್ತಿದೆ” ಎಂದು ಅಂಗಲಾಚಿದ. ಅವತ್ತೇ ಪಾಲಿಸಿ ಮಾಡಿಸಿದ. ಅಷ್ಟಕ್ಕೂ ಸಮಾಧಾನವಾಗದೆ ಕನ್ನಡಿಯನ್ನು ಇಳಿಸಿ, ಗೋಣಿ ಸುತ್ತಿ ಮೂಲೆಯಲ್ಲಿಟ್ಟ. ಗಿರಾಕಿಗಳು ತಮ್ಮ ಕ್ರಾಪು ಹೇಗಿದೆಯೆಂದು ಪಕ್ಕದವರನ್ನು ಕೇಳಿ ತಿಳಿದುಕೊಳ್ಳಬೇಕಾಯಿತು. ಯಾರೂ ಮುಟ್ಟದೆ ಒಂದು ಮಧ್ಯಾಹ್ನ, ಗೋಣಿಯೊಳಗೇ ಆ ಕನ್ನಡಿ ಟಪ್ಪೆಂದು ಬಿರುಕು ಬಿಟ್ಟಿತು. ಬಿಸಿಲಿಗಿರಬಹುದು ಎಂದು ನಾನೆಂದೆ. ಮೂಲೆಗೆ ಬಿಸಿಲು ಬರುತ್ತಿರಲಿಲ್ಲ ಎಂದು ಅವನು ಹೇಳಿದ.

ಕೊನೆಗೆ ಅಂಗಡಿಯವರೆಲ್ಲ ಸೇರಿ ಭಾವನ ದೃಷ್ಟಿಗೆಂದೇ ಬೂದುಗುಂಬಳ ಕಟ್ಟಿಸಿದರು. ಅದಕ್ಕೆ ಕಣ್ಣು, ಕೋರೆಹಲ್ಲು, ಮೀಸೆ ಬೇರೆ! ಭಾವ ಮೊಬೈಲ್ ರೀಚಾರ್ಜ್ ಅಂಗಡಿಯ ಬಾಗಿಲಲ್ಲಿ ನಿಂತು ಆ ಕುಂಬಳಕಾಯಿಯನ್ನೇ ನೋಡಿದರು.

“ಹಗ್ಗ ಸಣ್ಣ ಆಯ್ತು. ಕೊರಿಯರ್‌ನೋನ ತಲೆ ಮೇಲೆ ಬೀಳತ್ತೆ.”

ಬಿತ್ತು. ಪುಣ್ಯಕ್ಕೆ ಅವನು ಹೆಲ್ಮೆಟ್ ತೆಗೆದಿರಲಿಲ್ಲ.

ಮನೆಯಲ್ಲಿ ಮಾತ್ರ ಭಾವ ಯಾವಾಗಲೂ ತಲೆ ತಗ್ಗಿಸಿಯೇ ಓಡಾಡುತ್ತಿದ್ದರು. “ಇಲ್ಲಿ ಏನನ್ನೂ ದಿಟ್ಟಿಸಬಾರದು ಅಂತ ಆಣೆ ಹಾಕಿಸಿಕೊಂಡಿದೀನಿ ಕಣೋ” ಎಂದು ಅಕ್ಕ ನಗುತ್ತಲೇ ಹೇಳುತ್ತಿದ್ದಳು. ಆದರೆ ಹೇಳುವಾಗ ಅವಳ ಕೈ ತಾಳಿಯ ಮೇಲಿರುತ್ತಿತ್ತು.

ಇಷ್ಟಾದ ಮೇಲೆ ಭಾವ ನನ್ನ ಹಿಟ್ಟಿನ ಗಿರಣಿಗೆ ಬಂದರು.

ಗಿರಣಿ ನೀವು ನೋಡಿರುತ್ತೀರಿ. ಒಂದು ಮೋಟಾರು, ಒಂದು ಬೀಸುವ ಕಲ್ಲು, ನಡುವೆ ಬರ್ರೆಂದು ಓಡುವ ಅಗಲದ ಬೆಲ್ಟು. ಭಾವ ಮೊದಲೇ ಹೇಳಿದ್ದರೆಂದು ರಾಗಿ ಡಬ್ಬ ಹಿಡಿದು ಹೆಂಗಸರು ಕಾಯುವ ಕಡೆಗೆ ಕಬ್ಬಿಣದ ಜಾಲರಿ ಹಾಕಿಸಿದ್ದೆ, ಪಾಲಿಸಿಯನ್ನೂ ಮಾಡಿಸಿದ್ದೆ. ನಾನು ನಿಲ್ಲುವ ಕಡೆ ಮಾತ್ರ ತೆರೆದೇ ಇತ್ತು. ಬೆಲ್ಟ್ ಜಾರಿದಾಗ ಏರಿಸಲು ಕೈ ಹೋಗಬೇಕಲ್ಲ!

ಭಾವ ನಡುವೆ ನಿಂತರು. ಕಣ್ಣು ಗೋಡೆ ಹತ್ತಿತು, ಸೂರು ಸುತ್ತಿತು, ಕೆಳಗಿಳಿದು ಬೆಲ್ಟಿನ ಮೇಲೆ ನಿಂತಿತು. ಆಮೇಲೆ ನನ್ನ ಮೇಲೆ ನಿಂತಿತು. ಅವರ ಮುಖ ಹಿಟ್ಟು ಬಳಿದುಕೊಂಡಂತಾಯಿತು.

“ಏನ್ ಕಾಣ್ತು ಭಾವ?”

“ಏನಿಲ್ಲ.”

ಎಲ್ಲರಿಗೂ ಕೈಲಿರುವ ತಿಂಡಿಯವರೆಗೆ ಬಿಡಿಸಿ ಹೇಳುವ ಮನುಷ್ಯ ನನಗೆ ಏನಿಲ್ಲ ಎನ್ನುವುದೇ? ಅಕ್ಕನನ್ನು ಕೇಳಿದರೆ, “ಊಟ ಬಿಟ್ಟಿದಾರೆ. ನಿನ್ನ ಹೆಸರು ಬಂದ್ರೆ ಎದ್ದು ಹೋಗ್ತಾರೆ” ಎಂದಳು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಭಾವ ಹೊರಗೆ ನಿಂತಿದ್ದರು. ಒಂದು ಸ್ಟೂಲ್ ಎಳೆದುಕೊಂಡು ಗೋಡೆಯ ಮೆಯಿನ್ ಸ್ವಿಚ್ ಪಕ್ಕ ಕೂತರು. ಅದರ ಮರುದಿನವೂ ಬಂದರು. ಆಮೇಲೆ ದಿನವೂ ಬಂದರು! ಮಾತಿಲ್ಲ, ಪೇಪರಿಲ್ಲ, ಒಂದು ಕೈ ಸ್ವಿಚ್ಚಿನ ಮೇಲೆ, ಕಣ್ಣು ನನ್ನ ಮೇಲೆ. ಹೆಂಗಸರು ಬರುವುದು ಕಡಿಮೆಯಾಯಿತು. “ನಿಮ್ ಗಿರಣೀಲಿ ಯಾವುದೋ ಬೊಂಬೆ ಕೂತಿರತ್ತಂತಲ್ಲಣ್ಣ” ಎಂದು ಒಬ್ಬಾಕೆ ಬಾಗಿಲಲ್ಲೇ ನಿಂತು ಕೇಳಿದಳು. ಅವರ ಪಾಲಿಸಿ ವ್ಯಾಪಾರ ನಿಂತುಹೋಯಿತು. ನನ್ನದೂ ನಿಲ್ಲುವುದರಲ್ಲಿತ್ತು. ಹೇಳುವುದು ಹೇಗೆ? ಅಕ್ಕನ ಗಂಡ!

ಒಂದು ಮಧ್ಯಾಹ್ನ ಬೆಲ್ಟಿನ ಪಕ್ಕ ಚೆಲ್ಲಿದ ರಾಗಿಯನ್ನು ಬಳಿಯಲು ಬಗ್ಗಿದೆ. ಕತ್ತಿಗೆ ಸುತ್ತಿದ್ದ ಟವೆಲಿನ ತುದಿ ಸಡಿಲವಾಗಿ ಇಳಿಬಿದ್ದದ್ದು ನನಗೆ ತಿಳಿಯಲಿಲ್ಲ. ಟವೆಲು ಬಿಗಿಯಾದಾಗ ತಿಳಿಯಿತು. ಅಷ್ಟರಲ್ಲಿ ಸ್ವಿಚ್ಚಿನ ಹಿಡಿ ಕೆಳಗಿಳಿದ ಸದ್ದು, ಕಾಲರ್ ಹಿಡಿದು ಯಾರೋ ಹಿಂದಕ್ಕೆಳೆದದ್ದು, ಬಟ್ಟೆ ಹರಿದ ಸದ್ದು! ಕಣ್ಣು ಬಿಟ್ಟಾಗ ನಾನು ಭಾವನ ತೊಡೆಯ ಮೇಲೆ ಬಿದ್ದಿದ್ದೆ. ಬೆಲ್ಟು ಇನ್ನೂ ನಿಧಾನವಾಗಿ ತಿರುಗುತ್ತಾ ನನ್ನ ಟವೆಲನ್ನು ಒಳಗೆ ಸುತ್ತಿಕೊಳ್ಳುತ್ತಿತ್ತು.

“ಇದನ್ನೇ ನೋಡಿದ್ರಾ ಭಾವ?”

ಅವರು ಹೂಂ ಎಂದರು.

“ಹೇಳಿದ್ರೆ ಇನ್ನೊಂದು ಪಾಲಿಸಿ ಮಾಡಿಸ್ತಿದ್ನಲ್ಲ!”

“ನೀನು ಮಾಡ್ಸಿರೋದು ಬರೋ ಹೋಗೋರಿಗೆ ಕಣೋ. ಅದ್ರಲ್ಲಿ ಓನರ್‌ಗೆ ಜಾಗ ಇಲ್ಲ. ನಿಂಗೆ ಅಂತ ಬೇರೆ ಇದೆ, ಮಾಡಿಸ್ಬಹುದಿತ್ತು. ಫಾರಂ ತುಂಬಕ್ಕೆ ಕೂತೆ, ಕೈ ಏಳ್ಲಿಲ್ಲ. ಅದು ಕೊಡೋದು ನೀನು ಹೋದ್ಮೇಲೆ. ಅದನ್ನ ಇಟ್ಕೊಂಡು ನಾವೇನ್ ಮಾಡೋಣ ಹೇಳು? ಅದಕ್ಕೇ ಬಂದು ಕೂತೆ.”

ಇವರನ್ನು ಇಡೀ ರಸ್ತೆಯೇ ಹೆದರಿ ನೋಡುತ್ತಿತ್ತು, ನಾನೂ ಹೆದರಿದ್ದೆ. ಅವರ ಕೈ ಹಿಡಿದುಕೊಂಡೆ. ಅವರ ಇನ್ನೊಂದು ಕೈ ಆಗಲೂ ನನ್ನ ಕಾಲರನ್ನು ಬಿಟ್ಟಿರಲಿಲ್ಲ.