ಬೂಶ್ತಾ ಸೀಟು ಬಿಟ್ಟುಕೊಟ್ಟದ್ದು

ಎಲ್ಲಕ್ಕೂ ಕಾರಣ ಚಿಕ್ಕಮ್ಮನ ಮಂಡಿ. ಹೆಣ್ಣು ಕೇಳಲು ಹೊರಡಬೇಕಾದ ದಿನವೇ ಅದು ಹಿಡಿದುಕೊಂಡಿತು. ಮೆಕ್ನೆಸ್ ಅಂಚೆ ಕಚೇರಿಯ ಗುಮಾಸ್ತ ಬೂಶ್ತಾ, ಮೂವತ್ತಾರರ ಗಂಡು, ಒಬ್ಬನೇ ರೈಲು ಹತ್ತಿದ. ಮಧ್ಯಾಹ್ನ ಮೂರರೊಳಗೆ ಬಾರದಿದ್ದರೆ ಮಾತು ಮುಗಿಯಿತೆಂದು ಅಸಿಲಾದ ಹಾಜಿ ಮುಫದ್ದಲ್ ಖಡಾಖಂಡಿತವಾಗಿ ಹೇಳಿದ್ದರು. ಅವರ ಮಗಳು ಸಫಿಯಾಳನ್ನು ನೆನೆದು ಬೂಶ್ತಾ ಒಂದು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಹೆಣ್ಣು ಕೇಳುವವರು ಒಯ್ಯುವ, ನೀಲಿ ಕಾಗದ ಸುತ್ತಿದ ಗೇಣುದ್ದದ ಸಕ್ಕರೆ ಅಚ್ಚು ಅವನ ತೊಡೆಯ ಮೇಲಿತ್ತು. ಅದನ್ನು ಕಂಡ ಮೇಲೆ ಬೋಗಿಯಲ್ಲಿ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ.

"ಹೆಣ್ಣು ಕೇಳೋಕೆ ಒಬ್ನೇ ಹೊರಟ್ಯಾ?" ಎಂದಳು ಎದುರು ಕೂತಿದ್ದ ಮುದುಕಿ ಲಲ್ಲಾ ತಾಮು. "ಗಂಡು ತಾನೇ ಬಾಯಿಬಿಟ್ಟು ಕೇಳಿದ್ರೆ ಯಾರಪ್ಪಾ ಕೊಡ್ತಾರೆ? ಯಾರ ಮನೆ?"

"ಅಸಿಲಾದ ಹಾಜಿ ಮುಫದ್ದಲ್ ಅವರ ಮನೆ. ಮಾತಾಡಬೇಕಿದ್ದ ಚಿಕ್ಕಮ್ಮನಿಗೆ ಮಂಡಿ ನೋವು."

"ಅಯ್ಯೋ ನನ್ ಕಂದಾ, ಅದು ನಮ್ ಬೀದೀನೇ! ಚಿಕ್ಕಮ್ಮನ ಜಾಗದಲ್ಲಿ ನಾನೇ ಕೂತು ಮಾತಾಡ್ತೀನಿ. ಕೊಡಿಲ್ಲಿ ಸಕ್ಕರೆ, ನೀನು ಬೀಳಿಸಿಗೀಳಿಸೀಯ."

ಬೂಶ್ತಾನಿಗೆ ಕಣ್ಣು ತುಂಬಿ ಬಂತು. "ನಿಮ್ಮ ಉಪಕಾರ ಮರೆಯಲ್ಲ ಚಿಕ್ಕಮ್ಮಾ" ಎಂದ.

ಅಷ್ಟರಲ್ಲಿ ಒಬ್ಬ ಬಂದು ನಿಂತ. "ಅಣ್ಣಾ, ಹೆಂಡ್ತಿ ಮಕ್ಕಳು ಇಲ್ಲಿ, ನಾನು ಮುಂದಿನ ಬೋಗೀಲಿ. ಸ್ವಲ್ಪ ಬದಲಾಯಿಸ್ಕೊತೀರಾ?" ಬೂಶ್ತಾ ಎದ್ದ. ಆ ಬೋಗಿಯಲ್ಲಿ ಇಬ್ಬರು ಸಿಪಾಯಿಗಳಿಗೆ ಜೊತೆಯಲ್ಲಿ ಕೂರುವ ಆಸೆ. ಬೂಶ್ತಾ ಮತ್ತೂ ಒಂದು ಬೋಗಿ ಮುಂದೆ ಹೋದ. ಅಲ್ಲಿ ಕೂತನೋ ಇಲ್ಲವೋ, ಒಬ್ಬ ಹೆಂಗಸು ಅವನ ಮಡಿಲಿಗೆ ಕೂಸು ಹಾಕಿದಳು. "ಒಂದ್ನಿಮಿಷ ಅಣ್ಣಾ, ಮುಖ ತೊಳ್ಕೊಂಡು ಬಂದ್ಬಿಡ್ತೀನಿ."

ಸಿದಿ ಕಾಸೆಮ್‌ನಲ್ಲಿ ರೈಲು ಎರಡು ಹೋಳಾಗುತ್ತದೆ. ಹಿಂದಿನ ಬೋಗಿಗಳು ಅಸಿಲಾ ಕಡೆಗೆ, ಮುಂದಿನವು ಕೆನಿತ್ರಾ ಕಡೆಗೆ. ಬೂಶ್ತಾನಿಗೆ ಇದು ಗೊತ್ತಿತ್ತು. ಸ್ಟೇಷನ್ ಬಂದೊಡನೆ ಎದ್ದ. ಆದರೆ ತಾಯಿ ಬಾಗಿಲಲ್ಲಿ ಯಾರೊಡನೆಯೋ ಹರಟೆಗೆ ನಿಂತಿದ್ದಳು, ಕೂಸು ಅವನ ಕೋಟಿನ ಗುಂಡಿ ಹಿಡಿದು ಮಲಗಿಬಿಟ್ಟಿತ್ತು.

"ಶ್! ಎಬ್ಬಿಸ್ಬೇಡಯ್ಯ, ಈಗ ತಾನೇ ಮಲಗಿದೆ" ಎಂದು ಪಕ್ಕದ ಮುದುಕ ಗದರಿದ.

"ತಾತಾ, ನನ್ನ ಬೋಗಿ..."

"ಬೋಗಿ ಎಲ್ಲಿ ಓಡಿಹೋಗುತ್ತೆ? ಕೂತ್ಕೊ."

ಬೋಗಿ ಓಡಿಹೋಯಿತು.

ಕೆನಿತ್ರಾದಲ್ಲಿ ಇಳಿದು ವಿಚಾರಿಸಿದರೆ ಅಸಿಲಾಕ್ಕೆ ಇನ್ನು ಸಂಜೆಗೇ ರೈಲು. ಹಾಜಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಮೂರೂವರೆಗೆ ಅಂತೂ ದನಿ ಕೇಳಿಸಿತು. ತಾನು ಕೆನಿತ್ರಾ ಸೇರಿದ ಕತೆಯನ್ನು ಬೂಶ್ತಾ ತೊದಲುತ್ತ ಹೇಳಿಕೊಂಡ.

"ಗಾಬರಿಯಾಗ್ಬೇಡಪ್ಪಾ" ಎಂದರು ಹಾಜಿ. "ಲಲ್ಲಾ ತಾಮು ಸಕ್ಕರೆ ಸಮೇತ ಹೊತ್ತಿಗೆ ಸರಿಯಾಗಿ ಬಂದ್ಲು. ಮಾತುಕತೆ ಆಯ್ತು. ಸಫಿಯಾನೂ ಒಪ್ಪಿದ್ಲು. ಮಾತು ಗಟ್ಟಿ ಮಾಡಿ ಫಾತಿಹಾ ಓದಿದ್ದೂ ಆಯ್ತು."

ಬೂಶ್ತಾ ಪ್ಲಾಟ್‌ಫಾರಂ ಮೇಲೆ ಕುಣಿಯುವುದೊಂದು ಬಾಕಿ. "ದೇವರು ದೊಡ್ಡವನು ಮಾವಾ!"

"ಮಾವ ಅನ್ಬೇಡ" ಎಂದು ಹಾಜಿ ಕೆಮ್ಮಿದರು. "ತಾಮು ನಿನ್ನನ್ನ ಹೊಗಳಿದ್ದೇ ಹೊಗಳಿದ್ದು, ಕೇಳಿದ ತಕ್ಷಣ ಸೀಟು ಬಿಟ್ಟುಕೊಟ್ಟ ಬಂಗಾರದಂಥ ಹುಡುಗ ಅಂತ. ತನ್ನ ಸೀಟೇ ಉಳಿಸ್ಕೊಳ್ಳದವನು ಸಂಸಾರ ಏನು ಉಳಿಸ್ಕೊಂಡಾನು ಅಂದೆ. ಅವಳಿಗೊಬ್ಬ ಬಡಗಿ ಮಗ ಇದ್ದಾನೆ, ಸಫಿಯಾ ಚಿಕ್ಕಂದಿನಿಂದ ನೋಡಿರೋ ಹುಡುಗ. ಮಾತು ಹಾಗೇ ಆ ಕಡೆ ಹೊರಳ್ತು."

"ಆದರೆ ನಾನು..." ಎಂದ ಬೂಶ್ತಾ. ಅಷ್ಟರಲ್ಲಿ ಲಲ್ಲಾ ತಾಮು ಫೋನ್ ಕಿತ್ತುಕೊಂಡಳು.

"ಬೇಜಾರಾಯ್ತಾ ಕಂದಾ? ನಿನ್ ಪರವಾಗಿ ಎಷ್ಟು ಹೇಳ್ದೆ ಗೊತ್ತಾ! ಏನ್ಮಾಡೋದು, ಅವರೇ ಕೇಳಿದ್ಮೇಲೆ ಬೇಡ ಅನ್ನೋಕಾಗುತ್ತಾ? ನೀನು ಕೆನಿತ್ರಾದಲ್ಲೇ ಇದ್ದೀಯಲ್ಲ? ನನ್ ಮಗ ಸ್ಟೇಷನ್ ಹಿಂದಿನ ಮರದ ಅಂಗಡೀಲಿ ಕೆಲಸ ಮಾಡ್ತಾನೆ. ಫೋನೇ ಎತ್ತಲ್ಲ, ಮುಂಡೇದು. ಸ್ವಲ್ಪ ಹೋಗಿ ವಿಷಯ ಹೇಳಿ, ಸಂಜೆ ರೈಲಿಗೆ ಹತ್ತಿಸಿ ಕಳಿಸ್ತೀಯಾ?"

ಬೂಶ್ತಾ ಬಾಯ್ತುಂಬ ಬೈಯಬೇಕೆಂದು ಬಾಯಿ ತೆರೆದ.

"ಆಗ್ಲಿ ಚಿಕ್ಕಮ್ಮಾ" ಎಂದ. "ಹೆಸರೇನು?"