ಇಂಡೆಕ್ಸಿನಲ್ಲಿ ಮಾವನವರಿಲ್ಲ

ನನ್ನ ಕಸುಬಿನ ಗುಟ್ಟೊಂದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಟೈಪ್ ಮಾಡಿದ್ದನ್ನು ಓದುವುದಿಲ್ಲ. ಮಕ್ತಲ್ ಬಸ್ ಸ್ಟ್ಯಾಂಡಿನ ಎದುರು ಡಿಟಿಪಿ ಅಂಗಡಿ ಇಟ್ಟಾಗಿನಿಂದ ಕನ್ನಡ, ತೆಲುಗು ಎರಡರಲ್ಲೂ ಲಗ್ನಪತ್ರಿಕೆ, ತಹಸೀಲಿನ ಅರ್ಜಿ ಎಲ್ಲವೂ ನನ್ನ ಬೆರಳುಗಳ ಮೂಲಕ ಹಾದುಹೋಗಿವೆ. ತಲೆಯ ಮೂಲಕ ಒಂದೂ ಹೋಗಿಲ್ಲ. ಧನ್ವಾಡದವರೊಬ್ಬರ ಲಗ್ನಪತ್ರಿಕೆಯಲ್ಲಿ ಹಿಂದಿನ ಗಿರಾಕಿಯ ವರನನ್ನೇ ಉಳಿಸಿ ಕಳಿಸಿದ್ದೆ. ಅವರೂ ಓದಿರಲಿಲ್ಲ. ಅರ್ಧ ಊರಿಗೆ ಹಂಚಿದ ಮೇಲೆ ಬಂದರು.

ಇಂಥ ನನ್ನ ಕೈಗೆ ನನ್ನ ಅತ್ತೆಯವರ ಪುಸ್ತಕ ಬಂತು. ಅವರು ನಾರಾಯಣಪೇಟೆಯಲ್ಲಿ ಜೀವಮಾನವೆಲ್ಲ ಸೀರೆ ನೇಯ್ದವರು. ಮಗ್ಗದ ಮನೆಯ ನೆನಪುಗಳನ್ನು ಆರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅಳಿಯನ ಹೆಚ್ಚುಗಾರಿಕೆ ತೋರಿಸಲು ನಾನು, "ಅತ್ತಿ, ಕೊನಿಗೆ ಇಂಡೆಕ್ಸ್ ಹಾಕೋಣ್ರಿ" ಎಂದೆ. ಹೆಸರಿಗೊಂದು ಗುರುತು ಹಾಕಿದರೆ ಸಾಕು, ಅದು ಯಾವ ಯಾವ ಪುಟದಲ್ಲಿದೆ ಎಂದು ಸಾಫ್ಟ್‌ವೇರೇ ಹುಡುಕಿ ಪಟ್ಟಿ ಮಾಡಿಕೊಡುತ್ತದೆ. ನಾನು ಓದಬೇಕಾಗಿಲ್ಲ ಎಂಬುದೇ ಅದರಲ್ಲಿ ನನಗೆ ಹಿಡಿಸಿದ ಗುಣ.

ಕರಡು ಪ್ರತಿಯನ್ನು ನಾರಾಯಣಪೇಟೆಗೆ ಒಯ್ದೆ. ಮಾವನವರು ಅದನ್ನು ಹಿಂದಿನಿಂದ ತೆರೆದರು. ಲಗ್ನಪತ್ರಿಕೆ ಬಂದರೂ ನಮ್ಮವರು ವಧೂವರರನ್ನು ಬಿಟ್ಟು, ಕೊನೆಯಲ್ಲಿ ಸುಖಾಗಮನ ಬಯಸುವವರ ಸಾಲಿನಲ್ಲಿ ತಮ್ಮ ಹೆಸರನ್ನೇ ಮೊದಲು ಹುಡುಕುವುದು. ಮಾವನವರ ಬೆರಳು ಪಟ್ಟಿಯ ಮೇಲೆ ಎರಡು ಸಲ ಇಳಿಯಿತು. ಗದ್ವಾಲದಲ್ಲಿರುವ ಅವರ ತಮ್ಮ ನರಸಪ್ಪನಿಗೆ ಹನ್ನೊಂದು ಪುಟ. ಹೆಸರಿಟ್ಟು ಕರೆಯುವ ಮನೆಯ ಎಮ್ಮೆಗೆ ಮೂರು. ಇವರ ಹೆಸರೇ ಇಲ್ಲ.

"ಇಷ್ಟು ವರ್ಷ ಸಂಸಾರ ಮಾಡೀನ್ರಿ. ಎಮ್ಮಿಗೆ ಮೂರು ಪುಟ ಐತಿ, ನನಗ ಒಂದೂ ಇಲ್ಲ" ಎಂದರು ಮಾವನವರು. "ಪುಸ್ತಕದ ಬಿಡುಗಡೆಗೆ ಎಮ್ಮಿನ್ನೇ ಕರಕೊಂಡು ಹೋಗ್ರಿ."

ತಪ್ಪು ಸಾಫ್ಟ್‌ವೇರಿನದಲ್ಲ. ಅತ್ತೆಯವರು ಹಳೆಯ ಪದ್ಧತಿಯವರು, ಗಂಡನ ಹೆಸರು ಹೇಳುವವರಲ್ಲ. ಪುಸ್ತಕದ ತುಂಬ ಮಾವನವರೇ ಇದ್ದರೂ ಎಲ್ಲ ಕಡೆ 'ಅವರು' ಎಂದೇ ಇದ್ದರು. ನಾನು ಹೆಸರುಗಳಿಗಷ್ಟೇ ಗುರುತು ಹಾಕಿದ್ದೆ.

"ಅತ್ತಿ, ಒಂದು ಕಡೆಯಾದ್ರೂ ಹೆಸರು ಬರೀರಿ" ಎಂದೆ.

"ಇಷ್ಟು ದಿನ ಮನ್ಯಾಗ ಕರ್ದಿಲ್ಲ, ಈಗ ಅಚ್ಚು ಹಾಕ್ಸಿ ಊರಾಗ ಕರೀಲೇನ್ರಿ?" ಎಂದರು. ಆಮೇಲೆ ಮಗ್ಗದ ಕಡೆ ತಿರುಗಿ, "ಅವರು ಬರ್ಲಿಲ್ಲಂದ್ರ ನನಗ ಪುಸ್ತಕನೂ ಬ್ಯಾಡ" ಎಂದರು. ನನಗೆ ನಿಜಕ್ಕೂ ಸಂಕಟವಾಯಿತು. ಹೆಚ್ಚುಗಾರಿಕೆ ತೋರಿಸಲು ಹೋಗಿ ಗಂಡಹೆಂಡಿರ ನಡುವೆ ಜಗಳ ತಂದಿಟ್ಟಿದ್ದೆ.

ಕೊನೆಗೆ 'ಅವರು' ಎಂಬುದಕ್ಕೇ ಗುರುತು ಹಾಕುವುದೆಂದಾಯಿತು. ಆದರೆ ಯಾವ 'ಅವರು' ಮಾವ, ಯಾವ 'ಅವರು' ತಹಸೀಲ್ದಾರರು ಎಂದು ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ? ಅತ್ತೆಯವರು ಅಂಗಡಿಗೆ ಬಂದು ಪಕ್ಕದಲ್ಲಿ ಕುಳಿತು, ಪರದೆಯ ಮೇಲೆ ಬೆರಳಿಟ್ಟು, "ಇದು ಅವರು... ಇದು ಅವರಲ್ಲ" ಎನ್ನುತ್ತಾ ಹೋದರು. ಎರಡು ದಿನ ಹಿಡಿಯಿತು. 'ಅವರು' ಎಂಬುದರ ಮುಂದೆ ಪುಟಸಂಖ್ಯೆಗಳು ಅರ್ಧ ಪುಟ ತುಂಬಿದವು. ಮಾವನವರು ಅಷ್ಟನ್ನೂ ಓದಿದರು. "ನರಸಪ್ಪಗ ಹನ್ನೊಂದೇ ಏನ್ರಿ?" ಎಂದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡು, ಧೋತರ ಇಸ್ತ್ರಿಗೆ ಕೊಟ್ಟು ಬಂದರು.

ಆಸೆ ಯಾರನ್ನು ಬಿಟ್ಟಿದೆ? ಅಚ್ಚಿಗೆ ಕಳಿಸುವ ಮುಂಚೆ ನಾನೂ ಗುಟ್ಟಾಗಿ 'ಅಳಿಯ' ಎಂದು ಹುಡುಕಿದೆ. ಒಂದೇ ಕಡೆ ಸಿಕ್ಕಿತು, ಎಂಬತ್ನಾಲ್ಕನೇ ಪುಟ. ಗುರುತು ಹಾಕಿದೆ. ಓದಲಿಲ್ಲ.

ಬಿಡುಗಡೆಯ ದಿನ ಮೊದಲ ಸಾಲಿನಲ್ಲಿ ಕುಳಿತ ಮಾವನವರು ವಾಡಿಕೆಯಂತೆ ಹಿಂದಿನಿಂದ ತೆರೆದರು. "ಇಲ್ಲಿ ಅಳಿಯಂದಿರೂ ಅದಾರ!" ಎಂದು ಖುಷಿಯಾಗಿ ಎಂಬತ್ನಾಲ್ಕನ್ನು ತಿರುವಿ, ಎಲ್ಲರಿಗೂ ಕೇಳುವಂತೆ ಓದಿದರು: "ಕರೆಂಟು ಹೋದರೆ ನಮ್ಮ ಮನೆಯಲ್ಲಿ ಕೈಕಟ್ಟಿ ಕೂಡುವವರು ಅಳಿಯ ಒಬ್ಬರೇ. ಮಗ್ಗಕ್ಕೆ ಕರೆಂಟು ಬೇಕಾಗಿಲ್ಲ."

ನಗೆ ನಿಲ್ಲುವವರೆಗೆ ಕಾದು, ಮಾವನವರು ನನ್ನತ್ತ ತಿರುಗಿದರು.

"ಒಂದಕ್ಷರ ತಪ್ಪಿಲ್ಲ ನೋಡ್ರಿ. ಭಾಳ ಚೊಲೋ ಟೈಪ್ ಮಾಡೀರಿ."